ಆಗಸ್ಟ್ 15ಕ್ಕೆ ನಮ್ಮೂರಲ್ಲಿ ಏನಾಗ್ತಿತ್ತು?

(ಗೌರಿಬಿದನೂರು ಕಡೆಯ ಒಂದು ಪದವಿ ಕಾಲೇಜಲ್ಲಿ ಆಗಸ್ಟ್ 14ರ ಮಧ್ಯಾಹ್ನ ಎನ್ಎಸ್ಎಸ್ ಹುಡುಗ ಹುಡುಗೀರ ಮುಂದೆ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದವರು ಬರೆದು ಕೊಡಿ ಸರ್ ಅಂತ ಬೆನ್ನು ಬಿದ್ರು. ಮಧ್ಯದಲ್ಲಿ ಕರೆಂಟ್ ಹೋಗಿ ಇಪ್ಪತ್ತು ನಿಮಿಷ ಮೈಕ್ ಇಲ್ದೆ ಕೂಗಿದ್ದು ಇದರಲ್ಲಿ ಕಾಣಲ್ಲ, ನನ್ನ ಗಂಟಲಿಗೆ ಮಾತ್ರ ಗೊತ್ತು.)

ಎಲ್ರಿಗೂ ನಮಸ್ಕಾರ. ಪ್ರಿನ್ಸಿಪಾಲರು ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧಕ್ಕರ್ಧ ಹೆಚ್ಚಾಯ್ತು, ನಾನೊಬ್ಬ ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ ಹೇಳ್ತಿದ್ದೆ, ಅಷ್ಟೇ. ನಾಳೆ ಬೆಳಿಗ್ಗೆ ನೀವೆಲ್ಲ ಬಿಳಿ ಬಟ್ಟೆ ಹಾಕ್ಕೊಂಡು ಬಂದು ಬಾವುಟ ಹಾರಿಸಿ ಲಾಡು ತಿಂದು ಹೋಗ್ತೀರ, ಅದರಲ್ಲಿ ತಪ್ಪೇನೂ ಇಲ್ಲ, ಲಾಡು ನಂಗೂ ಇಷ್ಟ. ಆದ್ರೆ ಅದಕ್ಕೆ ಮುಂಚೆ ನನ್ನದೇ ಒಂದು ಪೆದ್ದುತನ ಹೇಳ್ಬೇಕು.

1986. ನಂಗೆ ಮೊದಲ ಪೋಸ್ಟಿಂಗ್, ರಾಯಚೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲು. ನಾನೂ ಅದೇ ಜಿಲ್ಲೆಯವನೇ, ಆದ್ರೆ ಓದಿದ್ದೆಲ್ಲ ಧಾರವಾಡದ ಹಾಸ್ಟೆಲ್‌ನಲ್ಲಿ. ಹೊಸ ಮೇಷ್ಟ್ರು ಅಂತ ಆಗಸ್ಟ್ 15ರ ಭಾಷಣ ನಂಗೇ ಕೊಟ್ರು. ರಾತ್ರಿಯೆಲ್ಲ ಕೂತು ಬರೆದೆ, ಆ ಮಧ್ಯರಾತ್ರಿ ದೆಹಲೀಲಿ ಹೀಗಾಯ್ತು, ಇಡೀ ದೇಶ ಎಚ್ಚರ ಆಯ್ತು, ಮನೆ ಮನೆ ಮೇಲೆ ಬಾವುಟ ಹಾರಿತು, ನಮ್ಮೂರಲ್ಲೂ ನಿಮ್ಮಜ್ಜ ಮುತ್ತಜ್ಜಂದಿರು ಕುಣಿದಾಡಿರಬೇಕು ಅಂತೆಲ್ಲ. ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಧೋತರ ಉಟ್ಕೊಂಡಿದ್ದ ಒಬ್ಬರು ಮುದುಕರು ಬಂದು ಪಕ್ಕಕ್ಕೆ ಕರೆದ್ರು. ಬೈಯಲಿಲ್ಲ. "ಸರ, ನೀವ್ ಹೇಳಿದ್ದು ಭಾಳ ಚಂದ ಐತ್ರಿ. ಆದ್ರ ಅದು ನಮ್ಮೂರಿಂದಲ್ಲ. ಆವತ್ತ ಈ ಬಾವುಟ ಹಿಡ್ಕೊಂಡ್ ಇಲ್ಲಿ ನಿಂತಿದ್ರ ಹೊಡದು ಒಳಗ ಹಾಕ್ತಿದ್ರು" ಅಂದ್ರು. ಅಂದು, ಲಾಡು ಕೈಯಲ್ಲಿ ಹಿಡ್ಕೊಂಡು ಹೊರಟೇ ಹೋದ್ರು. ನಾನು ಬಿಎ ಹಿಸ್ಟರಿ ಓದಿದವನು, ಹೈದರಾಬಾದ್ ಸಂಸ್ಥಾನದ ಮೇಲೆ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿನ ಉತ್ತರ ಬರೆದವನು, ಆದ್ರೂ ಆ ಹತ್ತು ಮಾರ್ಕ್ಸು ನಾನು ನಿಂತಿದ್ದ ನೆಲದ್ದೇ ಅಂತ ಹೊಳೆದಿರಲಿಲ್ಲ ನೋಡಿ.

ನಿಮ್ಮಲ್ಲಿ ತುಂಬ ಜನಕ್ಕೆ ಇದು ಹೊಸದಿರಬಹುದು ಅದಕ್ಕೆ ಸ್ವಲ್ಪ ಹೇಳ್ತೀನಿ. ರಾಯಚೂರು, ಕಲಬುರಗಿ, ಬೀದರ್, ಈ ಮೂರು ಕನ್ನಡ ಜಿಲ್ಲೆಗಳು ಆಗ ನಿಜಾಮರ ಕೈಲಿದ್ವು. ಈಗಿನ ಕೊಪ್ಪಳ, ಯಾದಗಿರಿ ಅವುಗಳಿಂದ ಒಡೆದು ಬಂದದ್ದು. (ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯ, ನಿಜಾಮರದ್ದಲ್ಲ, ಈಗ ಎಲ್ಲ ಸೇರಿಸಿ ಕಲ್ಯಾಣ ಕರ್ನಾಟಕ ಅಂತೀವಿ.) ಬ್ರಿಟಿಷರು ಹೊರಟಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ನಾನು ಇಂಡಿಯಾಗೂ ಸೇರಲ್ಲ ಪಾಕಿಸ್ತಾನಕ್ಕೂ ಸೇರಲ್ಲ ಅಂತ ಕೂತ್ರು. ಅಲ್ಲಿ ದುಡ್ಡೇ ಬೇರೆ, ಹಾಲಿ ಸಿಕ್ಕಾ ಅಂತ. ಗಡಿ ದಾಟಿದ್ರೆ ಸುಂಕ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್‌ನ ಸ್ವಾಮಿ ರಾಮಾನಂದ ತೀರ್ಥರು, ಇವರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ, ಅವರನ್ನ 1947ರ ಆಗಸ್ಟ್ 15ರಂದೇ ಅರೆಸ್ಟ್ ಮಾಡಿದ್ರು. ದೆಹಲೀಲಿ ಬಾವುಟ ಏರ್ತಿದೆ, ಹೈದರಾಬಾದಲ್ಲಿ ಬಾವುಟ ಏರಿಸಿ ಅಂದವರು ಜೈಲಿಗೆ ಹೋಗ್ತಿದ್ದಾರೆ, ಒಂದೇ ದಿನ. ಆಮೇಲೆ ಹದಿಮೂರು ತಿಂಗಳು ಹಿಂಗೇ ನಡೀತು. ಕಾಸಿಂ ರಜ್ವಿಯ ರಜಾಕಾರರ, ಅಂದ್ರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರ, ಹಾವಳಿ ಜೋರಾಯ್ತು, ಬಸವಕಲ್ಯಾಣದ ಹತ್ರದ ಗೋರ್ಟಾದಲ್ಲಿ 1948ರ ಮೇನಲ್ಲಿ ದೊಡ್ಡ ಹತ್ಯಾಕಾಂಡ ಆಯ್ತು, ಈ ಕಡೆ ಮುಂಡರಗಿಯಂಥ ಗಡಿ ಊರುಗಳಲ್ಲಿ ಹೋರಾಟಗಾರರು ಕ್ಯಾಂಪ್ ಹಾಕ್ಕೊಂಡು ಅಲ್ಲಿಂದ ಒಳಗೆ ನುಗ್ಗೋರು. ಕಡೆಗೆ 1948 ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೋಯ್ತು (ಇದಕ್ಕೇ ಪೊಲೀಸ್ ಆಕ್ಷನ್ ಅನ್ನೋದು), ಐದೇ ದಿನ, 17ಕ್ಕೆ ನಿಜಾಮ ಶರಣು ಅಂದ. ಅದಕ್ಕೇ ಆ ಜಿಲ್ಲೆಗಳಲ್ಲಿ ಸೆಪ್ಟೆಂಬರ್ 17 ಅಂದ್ರೆ ಇನ್ನೊಂದು ಸ್ವಾತಂತ್ರ್ಯದ ದಿನ.

ಆ ಮುದುಕರ ಮಾತು ಕೇಳಿದ ವಾರ ಊರಿಗೆ ಹೋದಾಗ ನಮ್ಮಜ್ಜೀನ ಕೇಳಿದೆ. ಅವಳಿಗೆ ಆಗಸ್ಟ್ 15 ಅಂದ್ರೆ ಸಾಲಿ ಹುಡುಗರ ಹಬ್ಬ, ಅಷ್ಟೇ. ಅವಳ ಕ್ಯಾಲೆಂಡರಲ್ಲಿ ಇದ್ದದ್ದು ಎರಡೇ, ರಜಾಕಾರರ ಗದ್ಲ ಮತ್ತೆ ಪೊಲೀಸ್ ಆಕ್ಷನ್. ನಮ್ಮಪ್ಪ ಯಾವಾಗ ಹುಟ್ಟಿದ್ದು ಅಂದ್ರೆ ಗದ್ಲಕ್ಕಿಂತ ಎಂಟು ವರ್ಷ ಮೊದಲು ಅನ್ನೋಳು. ಗದ್ಲದ ಟೈಮಲ್ಲಿ ಮನೆಯ ತಾಮ್ರದ ಹಂಡೆ, ಕೊಡ, ಪರಾತ ಎಲ್ಲಾನೂ ಹಗೇವಿಗೆ ಇಳಿಸಿ ಮೇಲೆ ಜೋಳ ಸುರುವಿ ಬಾಯಿ ಮುಚ್ಚಿದ್ರಂತೆ. ಹಗೇವು ಗೊತ್ತಾ ನಿಮಗೆ? ಈ ಕಡೆ ಇಲ್ಲ ಅನ್ಸುತ್ತೆ. ಮನೆ ಮುಂದೆ ನೆಲದೊಳಗೆ ಕಾಳು ತುಂಬಿಡೋ ದೊಡ್ಡ ಗುಂಡಿ, ಬಾಯಿ ಸಣ್ಣದು ಹೊಟ್ಟೆ ದೊಡ್ಡದು, ಒಬ್ಬ ಆಳು ಒಳಗೆ ಇಳಿದು ನಿಲ್ಲಬಹುದು, ಗಾಳಿ ಇರಲ್ಲ ಅಂತ ಮೊದಲು ದೀಪ ಇಳಿಸಿ ನೋಡ್ತಾರೆ. ಪಾತ್ರೆ ಹಗೇವಿನಲ್ಲಿಟ್ಟು ಮಕ್ಕಳನ್ನ ಕಟ್ಕೊಂಡು ರಾತ್ರೋರಾತ್ರಿ ತುಂಗಭದ್ರೆ ದಾಟಿ ಆ ಕಡೆ ನೆಂಟರ ಮನೆಗೆ ಹೋದ್ರು. ವಾಪಸ್ ಬಂದದ್ದು ಪೊಲೀಸ್ ಆಕ್ಷನ್ ಆದ್ಮೇಲೆ. ಈ ಕಥೆ ಅಜ್ಜಿ ಎಷ್ಟು ಸಲ ಹೇಳಿದಾಳೋ ಲೆಕ್ಕ ಇಲ್ಲ, ಪ್ರತಿ ಸಲ ದೋಣಿಯವನು ಕೇಳಿದ ರೇಟು ಸ್ವಲ್ಪ ಜಾಸ್ತಿ ಆಗ್ತಿತ್ತು.

ಇನ್ನೊಂದು ಕಥೆ ಒಂದೇ ಒಂದು ಸಲ ಹೇಳಿದ್ಲು. ವಾಪಸ್ ಬಂದು ನೋಡಿದ್ರೆ ಓಣಿಯಲ್ಲಿ ಮೂರನೇ ಮನೆ, ಪಿಂಜಾರರದ್ದು, ಹಾಸಿಗೆ ಗಾದಿ ಹೊಲಿದು ಕೊಡೋರು, ಆ ಮನೆ ಖಾಲಿ. ರಜಾಕಾರರಿಗೂ ಅವರಿಗೂ ಸಂಬಂಧ ಇರಲಿಲ್ಲ ಅಂದ್ಲು. ಎಲ್ಲಿಗೆ ಹೋದ್ರು ಅಂತ ಕೇಳಿದ್ರೆ "ಹೋದ್ರು" ಅಷ್ಟೇ ಅಂದ್ಲು, ಒಲೆ ಕಡೆ ತಿರುಗಿದ್ಲು. ನಾನು ದೊಡ್ಡೋನಾದ ಮೇಲೆ ಓದಿ ತಿಳ್ಕೊಂಡೆ, ಸೈನ್ಯ ಬಂದ ಮೇಲಿನ ವಾರಗಳಲ್ಲಿ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಮಟ್ಟದ ಹಿಂಸೆ ನಡೀತು, ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರ ತಂಡ ಕಳಿಸಿತು, ಅವರು ಸತ್ತವರ ಅಂದಾಜು 27 ಸಾವಿರದಿಂದ 40 ಸಾವಿರ ಅಂತ ಬರೆದ್ರು, ತುಂಬ ಹಾನಿ ಆದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಹೆಸರೂ ಇದೆ, ಆ ವರದಿ ದಶಕಗಳ ಕಾಲ ಬೀರುವಿನಲ್ಲೇ ಇತ್ತು. ಈಗ ಆ ಸೆಪ್ಟೆಂಬರ್ 17ಕ್ಕೆ ಏನು ಹೆಸರಿಡಬೇಕು ಅಂತ ಜಗಳ, ವಿಮೋಚನೆ ಅನ್ನೋರು, ವಿಲೀನ ಅನ್ನೋರು, ಬರೀ ಪೊಲೀಸ್ ಆಕ್ಷನ್ ಅನ್ನೋರು. ನಂಗೆ ಕೇಳಿದ್ರೆ ಹೆಸರು ಏನಾದ್ರೂ ಇಟ್ಕೊಳ್ಳಿ, ಆದ್ರೆ ಗೋರ್ಟಾದವರನ್ನ ನೆನೆಯೋರು ಆ ಮೂರನೇ ಮನೆಯವರನ್ನೂ ನೆನೀಬೇಕು. ನಮ್ಮಜ್ಜಿ ನೆನೀತಿದ್ಲು, ಬಾಯಿ ಬಿಡ್ತಿರಲಿಲ್ಲ ಅಷ್ಟೇ.

ಸರಿ, ಇದು ಆ ಕಡೆ ಕಥೆ, ನಮ್ಮದು ಹಳೇ ಮೈಸೂರು, ಇಲ್ಲಿ ಆಗಸ್ಟ್ 15ಕ್ಕೆ ಏನೂ ತೊಂದ್ರೆ ಇರಲಿಲ್ಲ ಅಲ್ವಾ ಅಂತ ನೀವು ಅಂದ್ಕೊಳ್ತಿದ್ರೆ, ಅದೂ ಇಲ್ಲ. ಮಹಾರಾಜ ಜಯಚಾಮರಾಜ ಒಡೆಯರ್ ಭಾರತ ಒಕ್ಕೂಟಕ್ಕೆ ಸೇರೋ ಒಪ್ಪಂದಕ್ಕೆ ಆ ಹೊತ್ತಿಗೆ ಸಹಿ ಹಾಕಿದ್ರು ನಿಜ. ಆದ್ರೆ ಜನ ಆರಿಸಿದ ಸರ್ಕಾರ? ಅದು ಇಲ್ಲ. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಅಧಿಕಾರ ಅರಮನೆದು. ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬಂದಿಲ್ಲ ಅಂತ ಸೆಪ್ಟೆಂಬರ್ 1ಕ್ಕೆ 'ಮೈಸೂರು ಚಲೋ' ಶುರು ಮಾಡಿದ್ರು. ಕೆ. ಚೆಂಗಲರಾಯ ರೆಡ್ಡಿ, ಕೆ.ಟಿ. ಭಾಷ್ಯಂ, ಎಚ್.ಸಿ. ದಾಸಪ್ಪ ಇವರೆಲ್ಲ ಮುಂದಾಳುಗಳು, ಜೈಲು ತುಂಬಿತು, ಕೋರ್ಟು ಕಾಲೇಜು ನಿಂತ್ವು. ಮೈಸೂರಿಗೆ ಹೋದವರು ರಾಮಸ್ವಾಮಿ ಸರ್ಕಲ್ ದಾಟಿರ್ತೀರ. ಅದು ಯಾವ ರಾಮಸ್ವಾಮಿ? ಯಾರೋ ಎಮ್ಮೆಲ್ಲೆ ಇರ್ಬೇಕು ಅಂದ್ಕೊಂಡಿದ್ರಾ? ಅವನು ವಿದ್ಯಾರ್ಥಿ. ನಿಮಗಿಂತ ಚಿಕ್ಕವನು. ಆ ಚಳವಳೀಲಿ ಗುಂಡು ಬಿದ್ದು ಸತ್ತ. ಅಂದ್ರೆ ಅವನು ಸತ್ತದ್ದು 'ಸ್ವತಂತ್ರ ಭಾರತ'ದಲ್ಲಿ, ಆಗಸ್ಟ್ 15 ಆಗಿ ಒಂದು ತಿಂಗಳು ಆದ ಹೊತ್ತಿಗೆ, ಸ್ವಾತಂತ್ರ್ಯ ಬೇಕು ಅಂತ ಕೇಳ್ತಾ. ಅಕ್ಟೋಬರ್‌ನಲ್ಲಿ ಅರಮನೆ ಒಪ್ಕೊಂಡು ಚೆಂಗಲರಾಯ ರೆಡ್ಡಿಯವರು ಮೊದಲ ಮುಖ್ಯಮಂತ್ರಿ ಆದ್ರು. ದಿನಾ ಸಾವಿರಾರು ಜನ ಆ ಸರ್ಕಲ್‌ನಲ್ಲಿ ಸಿಗ್ನಲ್ ಬಿಡ್ಲಿ ಅಂತ ಕಾಯ್ತಾರೆ. ನಾನೂ ಎಷ್ಟೋ ವರ್ಷ ಕಾದಿದೀನಿ, ಆ ಹೆಸರಿನ ಕಡೆ ತಲೆ ಎತ್ತಿ ನೋಡಿದೋನಲ್ಲ.

ಈಗ ಇನ್ನೂ ಹತ್ರ ಬರೋಣ. ವಿದುರಾಶ್ವತ್ಥಕ್ಕೆ ಹೋಗಿರೋರು ಕೈ ಎತ್ತಿ.

(ಹೆಚ್ಚುಕಮ್ಮಿ ಎಲ್ಲ ಕೈ ಮೇಲೆ ಬಂದ್ವು.)

ನಾಗರ ಪ್ರತಿಷ್ಠೆಗೆ, ಜಾತ್ರೆಗೆ, ಅಮ್ಮ ಕರ್ಕೊಂಡು ಹೋಗಿದ್ದು, ಅಲ್ವಾ? ಸಾಲು ಸಾಲು ನಾಗರಕಲ್ಲು, ಅರಿಶಿನ ಕುಂಕುಮ, ಹಾಲು. ಸರಿ, ಕೈ ಹಾಗೇ ಇಟ್ಕೊಳ್ಳಿ. ಅಲ್ಲೇ ಪಕ್ಕದ ಹುತಾತ್ಮರ ಸ್ತೂಪದ ಹತ್ರ ಹೋಗಿ ಹೆಸರು ಓದಿರೋರು ಮಾತ್ರ ಕೈ ಮೇಲಿಡಿ.

(ನಾಲ್ಕು ಕೈ ಉಳಿದ್ವು. ಅದರಲ್ಲಿ ಒಂದು ಲೈಬ್ರೇರಿಯನ್ ಮೇಡಂದು.)

ನಾನು ಬೈಯೋಕೆ ಕೇಳಿದ್ದಲ್ಲ. ಈ ತಾಲೂಕಿಗೆ ಟ್ರಾನ್ಸ್‌ಫರ್ ಆಗಿ ಬಂದ ಮೇಲೆ ನಾನೂ ಎರಡು ವರ್ಷ ಬರೀ ದೇವಸ್ಥಾನ ನೋಡ್ಕೊಂಡು ಬಂದೋನೇ. 1938. ಆಗ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸೋ ಹಾಗಿಲ್ಲ. ಏಪ್ರಿಲ್‌ನಲ್ಲಿ ಮದ್ದೂರು ಹತ್ರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧ ಮುರಿದು ಧ್ವಜ ಏರಿಸಿದ್ರು, ಅಲ್ಲಿ ಅರೆಸ್ಟ್ ಆಯ್ತು, ರಕ್ತ ಬೀಳಲಿಲ್ಲ. ಅದೇ ಗಾಳಿ ಇಲ್ಲಿಗೂ ಬಂತು. ಏಪ್ರಿಲ್ 25, ಸೋಮವಾರ, ಜಾತ್ರೆ ಸಮಯ. ಯೋಚನೆ ಮಾಡಿ, ಈ ಬಿಸಿಲು, ಗಾಡಿ ಕಟ್ಕೊಂಡು ಬಂದ ಸಂಸಾರಗಳು, ಬೆಂಡು ಬತ್ತಾಸು, ನಾಗರಕಲ್ಲಿಗೆ ಹರಕೆ ಹೊತ್ತವರು, ಅವರ ಮಧ್ಯೆ ಧ್ವಜ ಸತ್ಯಾಗ್ರಹಕ್ಕೆ ಬಂದವರು, ಯಾರು ಭಕ್ತರು ಯಾರು ಸತ್ಯಾಗ್ರಹಿ ಅಂತ ಹಣೆ ಮೇಲೆ ಬರೆದಿರುತ್ತಾ? ಸಭೆ ಮಾಡಬಾರದು ಅಂತ ಆರ್ಡರ್ ಇತ್ತು, ಮಾಡಿದ್ರು, ಪೊಲೀಸರು ಗುಂಡು ಹೊಡೆದ್ರು. ಸರ್ಕಾರದ ಲೆಕ್ಕ 10, ಜನರ ಲೆಕ್ಕ 30 ದಾಟುತ್ತೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಕರೀತಾರೆ, ನಂಗೆ ಆ ಹೆಸರು ಅಷ್ಟು ಇಷ್ಟ ಇಲ್ಲ, ವಿದುರಾಶ್ವತ್ಥಕ್ಕೆ ಅದರದ್ದೇ ಹೆಸರು ಇದೆಯಲ್ಲ, ಇನ್ನೊಂದು ಊರಿನ ನೆರಳು ಯಾಕೆ ಬೇಕು. ಸುದ್ದಿ ದೇಶ ಪೂರ್ತಿ ಹೋಯ್ತು, ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದ್ರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಯ್ತು, ಮೈಸೂರು ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜಾನೂ ಹಾರಿಸಬಹುದು ಅಂತ ಒಪ್ಪಂದ. ಮಿರ್ಜಾ-ಪಟೇಲ್ ಒಪ್ಪಂದ ಅಂತ ನಿಮ್ಮ ಬುಕ್ಕಲ್ಲಿ ಒಂದು ಲೈನ್ ಇರುತ್ತೆ. ಆ ಒಂದು ಲೈನಿನ ಹಿಂದೆ ಇರೋದು ಇಲ್ಲಿಂದ ಬಸ್ಸಲ್ಲಿ ಅರ್ಧ ಗಂಟೆನೂ ಇಲ್ಲದ ಊರಿನ ಹೆಣಗಳು.

ಅಂದ್ರೆ ನಾಳೆ ಬೆಳಿಗ್ಗೆ ಈ ಗ್ರೌಂಡಲ್ಲಿ ಒಂದು ಬಟ್ಟೆ ಮೇಲೆ ಹೋಗುತ್ತಲ್ಲ, ಆ ಥರದ ಬಟ್ಟೆ ಮೇಲೆ ಏರಿಸೋದಕ್ಕೇ ಜನ ಸತ್ತಿದ್ದು, ಇನ್ಯಾವ ದೊಡ್ಡ ಬೇಡಿಕೆಗೂ ಅಲ್ಲ.

ಬಟ್ಟೆ ಅಂದೆ. ಆ ಬಟ್ಟೆ ಎಲ್ಲಿಂದ ಬರುತ್ತೆ ಯಾರಿಗಾದ್ರೂ ಗೊತ್ತಾ? ಒಬ್ಬ ಹುಡುಗ "ಆನ್‌ಲೈನ್ ಸರ್" ಅಂತಿದ್ದಾನೆ, ಹೌದಪ್ಪ, ಈಗ ಅದೂ ಬರುತ್ತೆ. ಆದ್ರೆ ಸರಿಯಾದ ಖಾದಿ ಧ್ವಜ ತಯಾರಾಗೋದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಬಟ್ಟೆ ನೇಯೋದು ಬಾಗಲಕೋಟೆ ಕಡೆ ತುಳಸಿಗೇರಿಯಲ್ಲಿ, ಧಾರವಾಡದ ಗರಗದಲ್ಲೂ ಧ್ವಜದ ಖಾದಿ ನೇಯೋ ಹಳೇ ಕೇಂದ್ರ ಇದೆ. ಕೆಂಪುಕೋಟೆಯಿಂದ ಹಿಡಿದು ಹೊರದೇಶದ ರಾಯಭಾರ ಕಚೇರಿ ತನಕ ಹೋಗೋದು ಇಲ್ಲಿಂದ. ಒಂಬತ್ತು ಸೈಜು, ಮೇಜಿನ ಮೇಲಿಡೋ ಆರಿಂಚಿನದ್ದರಿಂದ 21 ಅಡಿ ಉದ್ದ 14 ಅಡಿ ಅಗಲದ್ದರ ತನಕ. ಕೆಲಸ ಮಾಡೋರು ಬಹುಪಾಲು ಹೆಂಗಸರು. ನಾನೊಂದ್ಸಲ ಹೋಗಿ ಬಾಗಿಲಲ್ಲಿ ನಿಂತು ನೋಡಿದೀನಿ. ಚಕ್ರ ಎರಡೂ ಕಡೆ ಪ್ರಿಂಟ್ ಆಗ್ಬೇಕು, ಒಂದು ಕಡೆಯ 24 ಗೆರೆ ಇನ್ನೊಂದು ಕಡೆಯ 24 ಗೆರೆ ಮೇಲೆ ಕರಾರುವಾಕ್ಕಾಗಿ ಕೂರಬೇಕು, ಒಬ್ಬಾಕೆ ಬಟ್ಟೆ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡ್ತಿದ್ರು, ಕೂದಲೆಳೆ ಸರಿದಿತ್ತೋ ಏನೋ ನಂಗಂತೂ ಕಾಣಲಿಲ್ಲ, ಪಕ್ಕಕ್ಕೆ ಎಸೆದ್ರು. ಎಸೆದು ಮುಂದಿನದ್ದು ತಗೊಂಡ್ರು. 2021ರ ಕೊನೇಲಿ ಧ್ವಜ ಸಂಹಿತೆ ತಿದ್ದುಪಡಿ ಮಾಡಿ ಪಾಲಿಸ್ಟರ್, ಮಷಿನ್ ಬಟ್ಟೆಗೂ ಪರ್ಮಿಷನ್ ಕೊಟ್ಟ ಮೇಲೆ ಅಲ್ಲಿನ ಆರ್ಡರಿಗೆ ಪೆಟ್ಟು ಬಿತ್ತು ಅಂತ ಅವರು ಹೇಳ್ತಾನೇ ಬಂದಿದಾರೆ. ಮನೆ ಮನೆಗೆ ಬಾವುಟ ಹೋಗ್ಲಿ, ಒಳ್ಳೇದೇ, ಬಡವರು ಖಾದಿದು ಕೊಳ್ಳೋಕೂ ಆಗಲ್ಲ. ಆದ್ರೆ ಆಗಸ್ಟ್ 16ಕ್ಕೆ ಚರಂಡಿ ಪಕ್ಕ ಬಿದ್ದಿರೋ ಬಾವುಟ ನೋಡಿದಾಗೆಲ್ಲ ನಂಗೆ ಆಕೆ ಬಟ್ಟೆ ಬೆಳಕಿಗೆ ಹಿಡಿದಿದ್ದು ಕಣ್ಮುಂದೆ ಬರುತ್ತೆ. ಕೃತಜ್ಞತೆ ಕೃತಜ್ಞತೆ ಅಂತ ನಾವು ಬಾಯ್ತುಂಬ ಹೇಳ್ತೀವಲ್ಲ, ವಿಳಾಸ ಬರೆಯದೆ ಡಬ್ಬಕ್ಕೆ ಹಾಕಿದ ಕಾಗದ ಎಲ್ಲಿಗೆ ಹೋಗುತ್ತೆ? ಯಾರಿಗೆ ಅಂತ ಗೊತ್ತಿರ್ಬೇಕಲ್ಲ.

ಈಸೂರಿನ ಹೆಸರು ಕೇಳಿದೀರ. "ಏಸೂರು ಕೊಟ್ಟರೂ ಈಸೂರು ಕೊಡೆವು." ಶಿಕಾರಿಪುರ ತಾಲೂಕು, 1942ರ ಸೆಪ್ಟೆಂಬರ್. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ ನಮ್ಮದು ಸ್ವತಂತ್ರ ಹಳ್ಳಿ ಅಂತ ಡಿಕ್ಲೇರ್ ಮಾಡಿ, ಊರಿನ ಹುಡುಗರನ್ನೇ, ಆರನೇ ಏಳನೇ ಕ್ಲಾಸಿನ ವಯಸ್ಸಿನವರನ್ನ, ಒಬ್ಬನನ್ನ ಅಮಲ್ದಾರ (ಈಗಿನ ತಹಸೀಲ್ದಾರ್ ಥರ) ಇನ್ನೊಬ್ಬನನ್ನ ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ರು. ನಗು ಬರುತ್ತಲ್ಲ? ಅದರಲ್ಲಿ ಒಂದು ತಮಾಷೆಯೂ ಇತ್ತು, ಸರ್ಕಾರ ಅಂದ್ರೆ ಇಷ್ಟೇ ತಾನೇ ಅನ್ನೋ ಥರ. ಆಮೇಲೆ ತಮಾಷೆ ಉಳೀಲಿಲ್ಲ. ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರ ಜೊತೆ ಬಂದ್ರು, ಗಲಾಟೆ ಆಗಿ ಆ ಇಬ್ಬರೂ ಸತ್ರು, ಊರಿನ ಮೇಲೆ ಸೈನ್ಯ ಬಂತು, ಜನ ಕಾಡು ಸೇರಿದ್ರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐದು ಜನರನ್ನ 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಲ್ಲಿ ಗಲ್ಲಿಗೆ ಹಾಕಿದ್ರು. ಸತ್ತ ಆ ಇಬ್ಬರು ಅಧಿಕಾರಿಗಳೂ ನಮ್ಮವರೇ, ಸಂಬಳಕ್ಕೆ ಕೆಲಸ ಮಾಡ್ತಿದ್ದವರು, ಅವರ ಮನೆಯವರೂ ಅತ್ತಿರ್ತಾರೆ, ಅದನ್ನ ಮರೀಬೇಕು ಅಂತ ನಾನು ಹೇಳಲ್ಲ. ಆ ಸೆಂಟ್ರಲ್ ಜೈಲು ಈಗ ಏನು ಗೊತ್ತಾ? ಫ್ರೀಡಂ ಪಾರ್ಕ್. ನಿಮ್ಮಲ್ಲಿ ಕೆಲವರು ಅಂಗನವಾಡಿ ಅಮ್ಮಂದಿರ ಜೊತೆ, ರೈತ ಸಂಘದವರ ಜೊತೆ ಧರಣಿಗೆ ಅಂತ ಹೋಗಿರಬಹುದು. ಸಂಬಳ ಜಾಸ್ತಿ ಮಾಡಿ ಅಂತ ಕೂಗೋಕೆ ಇವತ್ತು ಜನ ಕೂರೋ ಆವರಣದಲ್ಲೇ ಅವರು ಹೋದದ್ದು. ಇದು ನಂಗೆ ಯಾಕೋ ಸರಿಯಾದ ಸ್ಮಾರಕ ಅನ್ಸುತ್ತೆ, ಕಲ್ಲಿನ ಕಂಬಕ್ಕಿಂತ.

ದಿನಾಂಕಗಳ ವಿಷಯಕ್ಕೆ ಬಂದ್ರೆ, ಅವು ಆಕಾಶದಿಂದ ಬಿದ್ದದ್ದಲ್ಲ. ಆಗಸ್ಟ್ 15 ಆರಿಸಿದ್ದು ಮೌಂಟ್‌ಬ್ಯಾಟನ್, ಯಾಕಂದ್ರೆ ಜಪಾನ್ ಶರಣಾಗಿ ಅವತ್ತಿಗೆ ಎರಡು ವರ್ಷ, ಆ ಯುದ್ಧದಲ್ಲಿ ಈ ಕಡೆ ಕಮಾಂಡರ್ ಆಗಿದ್ದವನು ಅವನೇ, ಅವನ ನೆನಪಿನ ದಿನ ನಮ್ಮ ಹಬ್ಬ ಆಯ್ತು. ನಮ್ಮವರು ಆರಿಸಿಕೊಂಡಿದ್ದ ದಿನ ಜನವರಿ 26. 1930ರಿಂದ ಅದನ್ನೇ ಪೂರ್ಣ ಸ್ವರಾಜ್ಯದ ದಿನ ಅಂತ ಲಾಠಿ ತಿಂದು ಆಚರಿಸ್ತಿದ್ರು. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರ ಆಗಿತ್ತು, ಪೂರ್ತಿ ಜಾರಿಗೆ ಬರೋಕೆ ಎರಡು ತಿಂಗಳು ಕಾದದ್ದು ಆ ಹಳೇ ದಿನ ಬಿಟ್ಟುಹೋಗಬಾರದು ಅಂತ. ಕೃತಜ್ಞತೆ ಅಂದ್ರೆ ಅದು ನೋಡಿ, ಅಂಬೇಡ್ಕರ್, ನೆಹರೂ ಅಂಥವರೂ ಕ್ಯಾಲೆಂಡರ್ ನೋಡಿ ಒಂದು ಹಳೇ ಮಾತು ಉಳಿಸ್ಕೊಂಡ್ರು. ಬೆಳಗಾವಿ ಕಡೆಯವರಿಗೆ ಈ ಎರಡು ದಿನಕ್ಕೂ ಇನ್ನೊಂದು ಅರ್ಥ ಇದೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798 ಆಗಸ್ಟ್ 15 ಅಂತಾರೆ, ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831 ಜನವರಿ 26. ಕಾಕತಾಳೀಯ, ಇನ್ನೇನಲ್ಲ. ಆದ್ರೆ ನಂದಗಡದಲ್ಲಿ ಅವನ ಸಮಾಧಿ ಹತ್ರದ ಆಲದ ಮರಕ್ಕೆ ಜನ ತೊಟ್ಟಿಲು ಕಟ್ತಾರೆ, ಮಕ್ಕಳಾಗ್ಲಿ ಅಂತ, ರಾಯಣ್ಣನಂಥ ಮಗ ಹುಟ್ಲಿ ಅಂತ. ಯಾವ ಸರ್ಕಾರಿ ಸುತ್ತೋಲೆಯಲ್ಲೂ ಇಲ್ಲದ ಆಚರಣೆ. ಭಾಷಣ ಇಲ್ಲ, ಮುಖ್ಯ ಅತಿಥಿ ಇಲ್ಲ, ಸ್ವಾಗತ ವಂದನಾರ್ಪಣೆ ಇಲ್ಲ. ಗಲ್ಲಿಗೇರಿದವನ ಮರಕ್ಕೆ ತೊಟ್ಟಿಲು. ನಾನು ಮೂವತ್ತು ವರ್ಷ ಮಾಡಿದ ಭಾಷಣ ಎಲ್ಲ ಸೇರಿಸಿದ್ರೂ ಅಷ್ಟು ಹೇಳೋಕಾಗಲಿಲ್ಲ.

ನವೆಂಬರ್ 1ರ ಬಗ್ಗೆ ಜಾಸ್ತಿ ಹೇಳಲ್ಲ, ಅದು ನಿಮಗೆ ಗೊತ್ತು, 1956ಕ್ಕೆ ಒಂದಾಗಿದ್ದು, 1973ಕ್ಕೆ ದೇವರಾಜ ಅರಸರ ಕಾಲದಲ್ಲಿ ಕರ್ನಾಟಕ ಅಂತ ಹೆಸರಾದದ್ದು. ಡಿಜೆ ಹಾಕಿ, ಕುಣೀರಿ, ನಂದೇನೂ ತಕರಾರಿಲ್ಲ, ಹತ್ತು ಗಂಟೆಗೆ ನಿಲ್ಸಿ ಅಷ್ಟೇ, ನಂಗೆ ಬಿಪಿ ಇದೆ. ಒಂದು ಹೆಸರು ಮಾತ್ರ ಹೇಳ್ತೀನಿ. 1953, ಬಳ್ಳಾರಿ ಮದ್ರಾಸಿಂದ ಬಿಟ್ಟು ಮೈಸೂರಿಗೆ ಸೇರೋ ಸಂಭ್ರಮ, ಅಕ್ಟೋಬರ್ 1ಕ್ಕೆ. ಆ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲನ್ನ ರಾತ್ರಿ ಕಾಯ್ತಿದ್ದವರು ಪಿಂಜಾರ ರಂಜಾನ್ ಸಾಬ್. ಅವರ ಮೇಲೆ ದಾಳಿ ಆಯ್ತು, ಸತ್ರು. ಏಕೀಕರಣಕ್ಕೆ ಪ್ರಾಣ ಕೊಟ್ಟವರು ಅಂದಾಗ ಬರೋ ಹೆಸರು ಅವರದ್ದು. ಅವರು ಸ್ಟೇಜ್ ಮೇಲೆ ಇದ್ದವರಲ್ಲ, ಪೆಂಡಾಲ್ ಕಾಯ್ತಿದ್ದವರು. ಪಿಂಜಾರ ಅಂದ ಕೂಡ್ಲೇ ನಂಗೆ ನಮ್ಮೋಣಿಯ ಮೂರನೇ ಮನೆ ನೆನಪಾಗುತ್ತೆ, ಏನು ಮಾಡ್ಲಿ. ಒಂದೇ ಕಸುಬಿನ ಎರಡು ಮನೆ, ಐದು ವರ್ಷದ ಅಂತರ.

ಇಷ್ಟಾಯ್ತು. ಕೊನೆಗೆ ಒಂದಿಬ್ಬರು ಪ್ರಶ್ನೆ ಕೇಳಿದ್ರು, ಅದನ್ನೂ ಬರೀರಿ ಅಂದಿದ್ದಾರೆ.

ಹಿಂದಿನ ಬೆಂಚಿನ ಹುಡುಗ: "ಸರ್, ನಮ್ಮೂರಲ್ಲಿ ಇಂಥದ್ದೇನೂ ನಡೆದಿಲ್ಲ. ಗುಂಡೂ ಬಿದ್ದಿಲ್ಲ, ಯಾರೂ ಜೈಲಿಗೂ ಹೋಗಿಲ್ಲ. ನಾವೇನು ನೆನೀಬೇಕು?"

ಒಳ್ಳೇ ಪ್ರಶ್ನೆ, ಆದ್ರೆ ನಡೆದಿಲ್ಲ ಅಂತ ನಿಂಗೆ ಹೇಗೆ ಗೊತ್ತು ಅಂತ ತಿರುಗಿಸಿ ಕೇಳಿದೆ. ಯಾರನ್ನೂ ಕೇಳಿಲ್ಲ ಅಂದ. ನಾನು ಮಕ್ಕಳ ಕೈಲಿ ಒಂದು ಕೆಲಸ ಮಾಡಿಸ್ತಿದ್ದೆ, ಆಗಸ್ಟ್ ತಿಂಗಳಲ್ಲಿ ಊರಿನ ಎಂಬತ್ತು ದಾಟಿದವರ ಹತ್ರ ಹೋಗಿ ಒಂದೇ ಪ್ರಶ್ನೆ, ಆಗ ನೀವು ಎಲ್ಲಿದ್ರಿ, ಏನು ಮಾಡ್ತಿದ್ರಿ. ಅರ್ಧ ಜನ ದನ ಕಾಯ್ತಿದ್ದೆ ಅಂದ್ರು. ಒಬ್ಬಜ್ಜಿ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗ್ತಿರಲಿಲ್ಲ ಅಂದ್ರು, ರೇಷನ್ನಿನ ಜೋಳದಲ್ಲಿ ಹುಳ ಇರ್ತಿತ್ತು ಅಂದ್ರು. ಒಬ್ರು ಮಾತ್ರ ಚಳವಳಿಯವರು ನಮ್ಮ ಹೊಲದ ಗುಡಿಸಲಲ್ಲಿ ಎರಡು ರಾತ್ರಿ ಮಲಗಿದ್ರು, ನಮ್ಮವ್ವ ರೊಟ್ಟಿ ಕಟ್ಟಿ ಕಳಿಸಿದ್ಲು, ಹೆಸರು ಕೇಳಬಾರದು ಅಂತ ನಮ್ಮಪ್ಪ ಹೇಳಿದ್ದ ಅಂದ್ರು. ಆ ಹೆಂಗಸಿಗೆ ತಾಮ್ರಪತ್ರ ಬರಲಿಲ್ಲ, ಪಿಂಚಣಿ ಬರಲಿಲ್ಲ, ಯಾರಿಗೆ ರೊಟ್ಟಿ ಕೊಟ್ಟೆ ಅಂತ ಅವಳಿಗೇ ಗೊತ್ತಿರಲಿಲ್ಲ. ಈಗ ಅಂಥವರನ್ನ ಕೇಳೋಕೆ ಹೋದ್ರೆ ಉಳಿದಿರೋರು ತೊಂಬತ್ತರ ಮೇಲಿನವರು. ಅದಕ್ಕೇ ಮುಂದಿನ ವರ್ಷ ನೋಡೋಣ ಅನ್ಬೇಡ, ಈ ಭಾನುವಾರ ಹೋಗು ಅಂದೆ. ಹೂಂ ಅಂದ. ಹೋಗ್ತಾನೋ ಇಲ್ವೋ, ಭಾನುವಾರ ಕ್ರಿಕೆಟ್ ಇರುತ್ತೆ.

ಇನ್ನೊಬ್ಬ ಹುಡುಗಿ, ಮುಂದಿನ ಸಾಲು, ಅಷ್ಟೊತ್ತು ಏನೋ ಬರ್ಕೋತಿದ್ಲು: "ಸರ್, ನಿಮ್ಮಜ್ಜಿ ಸೆಪ್ಟೆಂಬರ್ 17ಕ್ಕೆ ಏನಾದ್ರೂ ಮಾಡ್ತಿದ್ರಾ?"

ನಾನು ಇದನ್ನ ಯಾವತ್ತೂ ಯೋಚ್ನೆ ಮಾಡಿರಲಿಲ್ಲ. ತಾರೀಕು ಅವಳಿಗೆ ಗೊತ್ತೇ ಇರಲಿಲ್ಲಮ್ಮ ಅಂದೆ. ಅಂದು ಸುಮ್ಮನಾದೆ, ಆಮೇಲೆ ನೆನಪಾಯ್ತು. ಮಹಾನವಮಿಗೆ ಮುಂಚೆ ಮನೆಯ ತಾಮ್ರದ ಸಾಮಾನೆಲ್ಲ ಹೊರಗೆ ಹಾಕ್ಕೊಂಡು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕೋಳು, ಸೊಸೆಯಂದಿರಿಗೆ ಕೊಡ, ಪರಾತ ಬಿಟ್ಕೊಡೋಳು, ಹಂಡೆ ಮಾತ್ರ ಬಿಡ್ತಿರಲಿಲ್ಲ, ಅದನ್ನ ಅವಳೇ ತಿಕ್ಕಬೇಕು. ಅದರ ತಳದಲ್ಲಿ ಅಂಗೈಯಷ್ಟು ನೆಗ್ಗು ಇದೆ, ಹಗೇವಿಗೆ ಇಳಿಸೋವಾಗ ಅಜ್ಜನ ಕೈ ಜಾರಿ ಬಿದ್ದದ್ದು. ನಮ್ಮಪ್ಪ ಕಂಚುಗಾರರ ಹತ್ರ ಕೊಟ್ಟು ತಟ್ಟಿಸ್ತೀನಿ ಅಂದ್ರೆ "ಇರ್ಲಿ ಬಿಡು" ಅನ್ನೋಳು, ಪ್ರತಿ ವರ್ಷ.

ಈಗ ಎಲ್ಲಿದೆ ಸರ್ ಅದು ಅಂದ್ಲು ಹುಡುಗಿ.

ನಮ್ಮನೆ ಬಚ್ಚಲಲ್ಲಿ. ಗೀಸರ್ ಇದೆ, ಆದ್ರೂ ಹಬ್ಬದ ದಿನ ಅದರಲ್ಲೇ ನೀರು ಕಾಯಿಸೋದು, ನೆಗ್ಗಿನಿಂದಾಗಿ ಒಲೆ ಮೇಲೆ ಸರಿಯಾಗಿ ಕೂರಲ್ಲ, ಒಂದು ಪಕ್ಕಕ್ಕೆ ಕಲ್ಲಿನ ಚೂರು ಕೊಡಬೇಕು. ಬನ್ನಿ ಯಾವಾಗಾದ್ರೂ, ತೋರಿಸ್ತೀನಿ ಅಂದೆ. ಅಷ್ಟರಲ್ಲಿ ನಾಲ್ಕೂವರೆ ಬಸ್ಸಿನವರು ಬ್ಯಾಗ್ ಎತ್ಕೊಂಡು ಎದ್ರು.